ಲೇಖಕರಿಗಿಂತ ಮೊದಲು ಓದುಗರು ಕೂರಲಿ

ಪುಸ್ತಕದಂಗಡಿಯಲ್ಲಿ ಲೇಖಕರನ್ನು ಕೂರಿಸಿಕೊಂಡು ಮಾತಾಡಿಸುವ ಪದ್ಧತಿ ಬೆಂಗಳೂರಿನಲ್ಲಿ ಚೆನ್ನಾಗಿಯೇ ಬೇರುಬಿಟ್ಟಿದೆ. 2012ರಲ್ಲಿ ಕೋರಮಂಗಲದಲ್ಲಿ ಶುರುವಾದ ಅಟ್ಟ ಗಲಾಟ, 2019ರಲ್ಲಿ ಬಾಗಿಲು ತೆರೆದ ಚಂಪಕ ಮೊದಲಾದ ಸ್ವತಂತ್ರ ಅಂಗಡಿಗಳು ಸಂವಾದವನ್ನೂ ತಮ್ಮ ಕಸುಬಿನೊಳಗೆ ಸೇರಿಸಿಕೊಂಡಿವೆ. ಕನ್ನಡದ ಪ್ರಕಾಶಕರಿಗೂ ಈ ಮಾದರಿ ಹಿಡಿಸಿದೆ. ಯಾಕೆ ಹಿಡಿಸಿತು ಎಂಬುದು ನಮ್ಮ ಪುಸ್ತಕ ಬಿಡುಗಡೆ ಸಮಾರಂಭಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಆಮೇಲೆ ಬಣ್ಣದ ಕಾಗದ ಸುತ್ತಿದ ಪ್ರತಿಗಳನ್ನು ಎದೆಮಟ್ಟಕ್ಕೆ ಹಿಡಿದು ಫೋಟೊ. ಪುಸ್ತಕದ ಬಗ್ಗೆ ಮಾತಾಡಬೇಕಾದವರು ಪೂರ್ತಿ ಓದಲಾಗಲಿಲ್ಲ, ಕಣ್ಣಾಡಿಸಿದ್ದೇನೆ ಎಂದು ಶುರುಮಾಡಿ ಲೇಖಕರ ಸೌಜನ್ಯ, ಸರಳತೆಗಳಲ್ಲಿ ಮುಗಿಸುತ್ತಾರೆ. ಇದರ ಪಕ್ಕದಲ್ಲಿ ಮೂವತ್ತು ಕುರ್ಚಿಯ, ವೇದಿಕೆಯಿಲ್ಲದ, ಅಧ್ಯಕ್ಷರಿಲ್ಲದ ಅಂಗಡಿಯ ಕೂಟ ದೊಡ್ಡ ಬಿಡುಗಡೆಯೇ ಸರಿ. ಅಷ್ಟರಮಟ್ಟಿಗೆ ಅದನ್ನು ಮೆಚ್ಚಬೇಕು. ಆದರೆ ಬಳ್ಳಾರಿಯಂಥ ಊರು ಈ ಮಾದರಿಯನ್ನು ಇದ್ದಹಾಗೆ ಎತ್ತಿ ತಂದುಕೊಳ್ಳಬೇಕೇ ಎಂದು ಕೇಳಿದರೆ ನನ್ನ ಉತ್ತರ, ಬೇಡ. ಅದರ ಜಾಗ ಸರಿಯಿದೆ, ಕ್ರಮ ತಪ್ಪಿದೆ.

ಕ್ರಮ ತಪ್ಪಿರುವುದು ಹೀಗೆ. ಪುಸ್ತಕ ಹೊರಬಂದ ವಾರದಲ್ಲೋ ತಿಂಗಳಲ್ಲೋ ಸಂವಾದ ಏರ್ಪಾಟಾಗುತ್ತದೆ. ಕೇಳಲು ಬಂದವರಲ್ಲಿ ಓದಿದವರು ಬೆರಳೆಣಿಕೆ. ಓದಿರಲು ಸಮಯವಾದರೂ ಎಲ್ಲಿತ್ತು? ಹಾಗಾಗಿ ಮಾತಾಡಿಸುವವರು ಕಥೆಯ ಒಳಗೆ ಇಳಿಯುವಂತಿಲ್ಲ, ಇಳಿದರೆ ಗುಟ್ಟು ರಟ್ಟಾಗುತ್ತದೆ. ಉಳಿಯುವುದು ಹೊರಗಿನ ಪ್ರಶ್ನೆಗಳು: ಈ ಕಾದಂಬರಿಗೆ ಪ್ರೇರಣೆ ಏನು, ಎಷ್ಟು ವರ್ಷ ಹಿಡಿಯಿತು, ಬೆಳಿಗ್ಗೆ ಬರೆಯುತ್ತೀರೋ ರಾತ್ರಿಯೋ. ಲೇಖಕರೂ ಈ ಪ್ರಶ್ನೆಗಳಿಗೆ ಉತ್ತರ ರೂಢಿಸಿಕೊಂಡಿರುತ್ತಾರೆ; ಮೂರನೆಯ ಊರಿನ ಹೊತ್ತಿಗೆ ಅದು ಬಾಯಿಪಾಠ. ಕೊನೆಗೆ ಸಭಿಕರ ಸರದಿ ಬಂದಾಗ ಒಬ್ಬರು ಎದ್ದು ಪ್ರಶ್ನೆಯ ಹೆಸರಲ್ಲಿ ಸಣ್ಣ ಭಾಷಣ ಮಾಡುತ್ತಾರೆ, ಇನ್ನೊಬ್ಬರು ಯುವಬರಹಗಾರರಿಗೆ ಕಿವಿಮಾತು ಕೇಳುತ್ತಾರೆ. ಇದರಿಂದ ಆಗುವ ಕೆಡುಕು ಬೇಸರ ಮಾತ್ರ ಆಗಿದ್ದರೆ ಸಹಿಸಬಹುದಿತ್ತು. ಓದುವ ಮೊದಲೇ ಓದುಗನ ಕೈಗೆ ಲೇಖಕನ ವ್ಯಾಖ್ಯಾನ ಸಿಕ್ಕಿಬಿಡುತ್ತದೆ. ಇದು ವಲಸೆಯ ಕಥೆ, ಇದು ತಾಯ್ತನದ ಕಥೆ ಎಂದು ಬರೆದವರೇ ಹೇಳಿದ ಮೇಲೆ ಅದನ್ನು ಬೇರೆಯಾಗಿ ಓದುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ವಿಮರ್ಶೆ ಸೊರಗಿರುವ ಕಾಲದಲ್ಲಿ ಲೇಖಕನೇ ತನ್ನ ಪುಸ್ತಕದ ಮೊದಲ ವಿಮರ್ಶಕನಾಗುವುದು ಯಾರಿಗೂ ಒಳ್ಳೆಯದಲ್ಲ, ಲೇಖಕನಿಗಂತೂ ಅಲ್ಲ.

ಕನ್ನಡದಲ್ಲಿ ಇದಕ್ಕೆ ತೀರ ಭಿನ್ನವಾದ ಒಂದು ನಿದರ್ಶನವಿದೆ, ಅದೂ ಪುಸ್ತಕ ಮಾರುವ ಜಾಗದಲ್ಲೇ. ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಜಿ.ಬಿ. ಜೋಶಿಯವರ ಅಟ್ಟದ ಮೇಲೆ ಬೇಂದ್ರೆಯಿಂದ ಗಿರೀಶ ಕಾರ್ನಾಡರವರೆಗೆ ಎರಡು ಮೂರು ತಲೆಮಾರಿನ ಲೇಖಕರು ಬಂದು ಕೂತು ಹರಟಿದ್ದಾರೆ, ಜಗಳವಾಡಿದ್ದಾರೆ. ಅಲ್ಲಿ ನಿಜವಾದ ಅಧಿಕಾರವಿದ್ದದ್ದು ಓದುವವರಿಗೆ. ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿ ಮೊದಲು ಓದುಗ, ಆಮೇಲೆ ಉಳಿದದ್ದೆಲ್ಲ. 1961ರಲ್ಲಿ ಕಾರ್ನಾಡರ ‘ಯಯಾತಿ’ ಹೊರಬಂದದ್ದು ಇಲ್ಲಿಂದಲೇ. ಕನ್ನಡದಲ್ಲಿ ಇತಿಹಾಸವನ್ನು ಗಟ್ಟಿಯಾಗಿ ಎದುರಿಸುವ ನಾಟಕವಿಲ್ಲ ಎಂಬ ಕುರ್ತಕೋಟಿಯವರ ತಕರಾರು ತಮ್ಮನ್ನು ‘ತುಘಲಕ್’ ಕಡೆಗೆ ನೂಕಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಆ ನಾಟಕ ಬಂದದ್ದು 1964ರಲ್ಲಿ. ಒಬ್ಬ ಓದುಗನ ಅತೃಪ್ತಿ ಒಂದು ಕೃತಿಗೆ ಕಾರಣವಾಯಿತು ಎಂದಾಯಿತು. ಇಂದಿನ ಅಂಗಡಿಯ ಸಂವಾದದಲ್ಲಿ ಇಂಥ ತಕರಾರಿಗೆ ಜಾಗವೇ ಇಲ್ಲ. ಎದುರಿಗೆ ಕೂತ ಲೇಖಕರು ಅತಿಥಿ, ಮಾತಾಡಿಸುವವರು ಹೆಚ್ಚಾಗಿ ಅವರ ಸ್ನೇಹಿತರು, ಪುಸ್ತಕದ ಕಟ್ಟು ಪಕ್ಕದ ಮೇಜಿನ ಮೇಲೇ ಇದೆ.

ಅಟ್ಟವನ್ನು ಹೀಗೆ ಎತ್ತಿಹಿಡಿದರೆ ಒಂದು ಆಕ್ಷೇಪ ಬಂದೇ ಬರುತ್ತದೆ, ಬರಬೇಕು ಕೂಡ. ಆ ಅಟ್ಟದ ಮೆಟ್ಟಿಲು ಎಲ್ಲರಿಗೂ ಹತ್ತಲು ಸಿಗುವಂತಿರಲಿಲ್ಲ. ಅದು ಬಹುಮಟ್ಟಿಗೆ ಒಂದೇ ಊರಿನ, ಒಂದೇ ಸಾಮಾಜಿಕ ವಲಯದ ಗಂಡಸರ ಕೂಟ. ಇವತ್ತಿನ ಅಂಗಡಿಗೆ ಯಾರು ಬೇಕಾದರೂ ಬರಬಹುದು, ಹೆಸರು ಕೇಳುವವರಿಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಬಾಗಿಲು ತೆರೆದಿಟ್ಟರೆ ಸಾಕಾಗುವುದಿಲ್ಲ, ಒಳಗೆ ಬಂದವರಿಗೆ ಮಾತಿನಲ್ಲಿ ಪಾಲಿರಬೇಕು. ಓದದೆ ಬಂದವರು ಪ್ರೇಕ್ಷಕರಾಗಿ ಉಳಿಯುತ್ತಾರೆ. ಧಾರವಾಡದವರು ಮೆಟ್ಟಿಲ ಬಳಿ ತಡೆದರು ಎನ್ನುವುದಾದರೆ, ಈಗಿನವರು ಕುರ್ಚಿ ಕೊಟ್ಟು ಸುಮ್ಮನೆ ಕೂರಿಸುತ್ತಾರೆ.

ಬಳ್ಳಾರಿಗೆ ಈ ಪಾಠವನ್ನು ಹೊರಗಿನಿಂದ ಕಲಿಯುವ ಅಗತ್ಯವೂ ಇಲ್ಲ. ಆಂಧ್ರದ ಗಡಿಗೆ ಹತ್ತಿರವಿರುವ ಜೋಳದರಾಶಿಯ ದೊಡ್ಡನಗೌಡರು (1910–1994) ಗಮಕಿಯಾಗಿ, ನಾಟಕಕಾರರಾಗಿ, ನಟರಾಗಿ ಈ ಭಾಗಕ್ಕೆಲ್ಲ ಬೇಕಾದವರಾಗಿದ್ದರು. ಅವರು ಬೆಳಗಿಸಿದ ಗಮಕ ಎಂಬ ಕಲೆಯ ಕಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. ಇಬ್ಬರು ಕೂತಿರುತ್ತಾರೆ. ಒಬ್ಬರು ಕುಮಾರವ್ಯಾಸನ ಒಂದು ಷಟ್ಪದಿಯನ್ನು ರಾಗದಲ್ಲಿ ವಾಚಿಸಿ ನಿಲ್ಲಿಸುತ್ತಾರೆ. ಇನ್ನೊಬ್ಬರು ಅದನ್ನು ಬಿಡಿಸುತ್ತಾರೆ, ಸಂದರ್ಭ ಹೇಳುತ್ತಾರೆ, ಒಂದು ಮಾತಿನ ಕೊಂಕು ಎಲ್ಲಿದೆ ಎಂದು ತೋರಿಸುತ್ತಾರೆ. ವ್ಯಾಖ್ಯಾನ ಎಲ್ಲಾದರೂ ದಾರಿ ತಪ್ಪುವಂತಿದ್ದರೆ ವಾಚಕರು ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಮಾತು ಕಾವ್ಯಕ್ಕೆ ಮರಳುತ್ತದೆ. ಕವಿ ಅಲ್ಲಿ ಇಲ್ಲ, ಇರುವುದೂ ಸಾಧ್ಯವಿಲ್ಲ. ಆದರೂ ಮಾತಿಗೆ ಬರವಿಲ್ಲ, ಯಾಕೆಂದರೆ ಕೃತಿ ಎದುರಿಗೇ ಇದೆ. ಅಕ್ಷರ ಬಾರದವರೂ ಈ ಕೂಟದಲ್ಲಿ ಕೇಳಿಯೇ ಓದುಗರಾದರು. ಅಂಗಡಿಯ ಸಂವಾದದಲ್ಲಿ ಪುಸ್ತಕದಿಂದ ಒಂದು ಪುಟವನ್ನಾದರೂ ನಿಧಾನವಾಗಿ ಓದಿ, ಅದನ್ನೇ ಹಿಡಿದು ಹತ್ತು ನಿಮಿಷ ಚರ್ಚೆ ಮಾಡುವುದು ಎಷ್ಟು ಅಪರೂಪ ಎಂಬುದನ್ನು ನೆನೆದರೆ ಗಮಕದವರ ಶಿಸ್ತು ಎಷ್ಟು ಆಧುನಿಕವಾದದ್ದು ಎನಿಸುತ್ತದೆ. ಬೀಚಿಯವರ ಉದಾಹರಣೆಯೂ ಇದೇ ಕಡೆಗೆ ಕೈ ತೋರುತ್ತದೆ. ಕನ್ನಡವೆಂದರೆ ಅಷ್ಟಕ್ಕಷ್ಟೇ ಎನ್ನುತ್ತಿದ್ದ ಆ ಪೊಲೀಸ್ ಇಲಾಖೆಯ ನೌಕರ ಅನಕೃ ಅವರ ‘ಸಂಧ್ಯಾರಾಗ’ ಓದಿ ಕನ್ನಡದ ಲೇಖಕರಾದರು. ಅವರನ್ನು ಮೊದಲು ಎಳೆದದ್ದು ಲೇಖಕರ ಮಾತಲ್ಲ, ಪುಸ್ತಕ.

ಅಂಗಡಿಯವರ ಕಡೆಯಿಂದಲೂ ವಾದವಿದೆ, ಅದನ್ನು ಲಘುವಾಗಿ ಕಾಣುವಂತಿಲ್ಲ. ಜಿಲ್ಲಾ ಕೇಂದ್ರದ ಪುಸ್ತಕದಂಗಡಿ ಬದುಕುವುದು ಪಠ್ಯಪುಸ್ತಕ, ನೋಟ್‌ಬುಕ್, ಕೆಎಎಸ್ ಮತ್ತು ಪಿಡಿಒ ಪರೀಕ್ಷೆಯ ಗೈಡುಗಳ ಮೇಲೆ. ಕಥೆ, ಕವಿತೆಯ ಕಪಾಟು ಅಲ್ಲಿ ಮಾಲೀಕರ ಚಟಕ್ಕೆ ಉಳಿದಿರುತ್ತದೆ. ಪ್ರಕಾಶಕರ ಕಷ್ಟವೂ ಅಷ್ಟೇ. ಸಿ. ಚನ್ನಬಸವಣ್ಣ ಅವರ ಲೋಹಿಯಾ ಪ್ರಕಾಶನ ರಾಜಧಾನಿಯಿಂದ ದೂರ, ಬಳ್ಳಾರಿಯಲ್ಲೇ ಕೂತು ಗಂಭೀರ ಪುಸ್ತಕಗಳನ್ನು ತಂದದ್ದು ಸಣ್ಣ ಸಾಹಸವಲ್ಲ. ಲೇಖಕರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದರೆ ಆ ಸಂಜೆ ನಲವತ್ತು ಪ್ರತಿಯಾದರೂ ಮಾರಾಟವಾಗಬೇಕಲ್ಲ! ಮೊದಲು ಓದಿ ಆಮೇಲೆ ಬನ್ನಿ ಎಂದರೆ ಬರುವವರು ಇನ್ನೂ ಕಡಿಮೆಯಾಗುತ್ತಾರೆ ಎಂಬುದು ಅವರ ಅಂಜಿಕೆ. ಆದರೆ ಮಾರಾಟದ ಲೆಕ್ಕದಲ್ಲೇ ನೋಡಿದರೂ ಕ್ರಮ ಬದಲಾದರೆ ನಷ್ಟವಿಲ್ಲ. ಸಂವಾದಕ್ಕೆ ಒಂದೂವರೆ ತಿಂಗಳ ಮೊದಲೇ ಪುಸ್ತಕ ಅಂಗಡಿಗೆ ಬರಲಿ, ಬೇಕಾದರೆ ಸ್ವಲ್ಪ ರಿಯಾಯಿತಿಯೂ ಇರಲಿ. ಕೊಂಡವರು ಲೇಖಕರಿಲ್ಲದೆ ಒಮ್ಮೆ ಕೂರಲಿ, ಏನು ಹಿಡಿಸಿತು, ಎಲ್ಲಿ ಮುಗ್ಗರಿಸಿತು ಎಂದು ತಮ್ಮಲ್ಲೇ ಕಿತ್ತಾಡಲಿ. ಆ ಕೂಟದಿಂದ ಎದ್ದ ಪ್ರಶ್ನೆಗಳೊಂದಿಗೆ ಲೇಖಕರನ್ನು ಕರೆಸಲಿ. ಸಹಿಯ ಆಸೆಗೆ ಕೊಂಡ ಪ್ರತಿ ಕಪಾಟಿಗೆ ಹೋಗುತ್ತದೆ, ಜಗಳಕ್ಕೆಂದು ಕೊಂಡ ಪ್ರತಿ ಓದಿಸಿಕೊಳ್ಳುತ್ತದೆ, ಮತ್ತು ಇನ್ನೊಬ್ಬರ ಕೈಗೂ ದಾಟುತ್ತದೆ.

ಹೀಗೆ ಮಾಡಿದರೆ ಬೆಂಗಳೂರಿನ ಕೂಟಗಳಲ್ಲಿ ಹುಟ್ಟುವುದು ಕಷ್ಟವಾದ ಪ್ರಶ್ನೆಗಳು ಇಲ್ಲಿ ಹುಟ್ಟುತ್ತವೆ ಎಂಬುದು ನನ್ನ ಮುಖ್ಯ ನಂಬಿಕೆ. ಕುಂ. ವೀರಭದ್ರಪ್ಪನವರ ‘ಅರಮನೆ’ಯನ್ನೇ ತೆಗೆದುಕೊಳ್ಳಿ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯಲ್ಲಿ ಥಾಮಸ್ ಮನ್ರೋ ಬರುತ್ತಾನೆ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದ ದತ್ತ ಮಂಡಲಗಳಿಗೆ ಆತ ಪ್ರಧಾನ ಕಲೆಕ್ಟರ್ ಆಗಿದ್ದವನು. ಕುಂವೀ ಅವರ ಗದ್ಯದಲ್ಲಿ ಕನ್ನಡ, ತೆಲುಗು, ಉರ್ದು ಒಂದರ ಮೇಲೊಂದು ಬೀಳುತ್ತವೆ. ಮೈಸೂರು ಕಡೆಯ ಓದುಗ ಅಲ್ಲಲ್ಲಿ ತಡವರಿಸುತ್ತಾನೆ. ಅದೇ ಪುಟವನ್ನು ಸಿರುಗುಪ್ಪದ ಓದುಗರೊಬ್ಬರು ಗಟ್ಟಿಯಾಗಿ ಓದಿದರೆ ಅವರಿಗೆ ತಡವರಿಕೆಯೇ ಇರಲಿಕ್ಕಿಲ್ಲ. ಬದಲಿಗೆ ಈ ಮಾತು ನಮ್ಮ ಕಡೆ ಹೀಗೆ ಆಡುವುದಿಲ್ಲ, ಇಲ್ಲಿ ಬಣ್ಣ ಹೆಚ್ಚಾಗಿದೆ ಎಂದು ಅವರು ಹೇಳಬಲ್ಲರು. ಬರೆದವರಿಗೆ ಬೇಕಾದ ವಿಮರ್ಶೆ ಇದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಗೆರೆಯ ಆಚೆಗೂ ಕನ್ನಡ ಓದುವವರಿದ್ದಾರೆ, ಈಚೆಗೂ ತೆಲುಗು ಮನೆಮಾತಿನವರಿದ್ದಾರೆ. ಅವರಿಬ್ಬರೂ ಕೂತು ಒಂದೇ ಪುಸ್ತಕ ಓದುವ ಅವಕಾಶವನ್ನು ಅಂಗಡಿಯೊಂದು ಒದಗಿಸಿದರೆ ವಿಶ್ವವಿದ್ಯಾಲಯದ ವಿಚಾರ ಸಂಕಿರಣಕ್ಕೂ ಸಾಧ್ಯವಾಗದ್ದು ಅಲ್ಲಿ ಸಾಧ್ಯವಾಗುತ್ತದೆ. ಅಂದಹಾಗೆ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ಕಡೆ ಹೋಯಿತು. ಕುಂವೀ ಅವರ ಕೊಟ್ಟೂರೂ, ಬೀಚಿ ಹುಟ್ಟಿದ ಹರಪನಹಳ್ಳಿಯೂ ಹೋದವು. ಉಳಿದ ಬಳ್ಳಾರಿ ತನ್ನ ಸಾಹಿತ್ಯಕ ಮಾತುಕತೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗಿದೆ.

ಸಮ್ಮೇಳನಗಳಿಂದ ಅದು ಆಗುವುದಿಲ್ಲ. 1926ರಲ್ಲಿ ಫ.ಗು. ಹಳಕಟ್ಟಿ, 1938ರಲ್ಲಿ ರಂ.ರಾ. ದಿವಾಕರ, 1958ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಬಳ್ಳಾರಿಯಲ್ಲಿ ನಡೆದಿದೆ. ಸಮ್ಮೇಳನದ ಮಳಿಗೆಗಳಲ್ಲಿ ಪುಸ್ತಕಗಳು ಚೆನ್ನಾಗಿ ಬಿಕರಿಯಾಗುತ್ತವೆ, ಆದರೆ ಆ ಜಂಗುಳಿಯಲ್ಲಿ ಒಂದು ಪುಟವನ್ನು ಹಿಡಿದು ಕೂರುವುದು ಆಗದ ಮಾತು. ಹಾಗಾದರೆ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ ಸಿರುಗುಪ್ಪ, ಕುರುಗೋಡಿನವರೂ ನೋಡಬಹುದಲ್ಲ ಎಂಬ ಸಲಹೆ ಈಗ ಎಲ್ಲದಕ್ಕೂ ಸಿದ್ಧವಾಗಿರುತ್ತದೆ. ನೋಡಬಹುದು, ಪ್ರಶ್ನೆ ಕೇಳುವಂತಿಲ್ಲ. ಆ ಊರುಗಳವರು ಬರಬೇಕೆಂದಿದ್ದರೆ ಮೊದಲು ಹೊತ್ತು ಬದಲಾಗಬೇಕು. ಸಿರುಗುಪ್ಪ ಬಳ್ಳಾರಿಯಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಸಂಜೆ ಆರಕ್ಕೆ ಎಂದು ಅಚ್ಚುಹಾಕಿಸಿ ಏಳಕ್ಕೆ ಶುರುಮಾಡುವ ಕಾರ್ಯಕ್ರಮ ನಗರದ ನಿವೃತ್ತ ಮೇಷ್ಟ್ರುಗಳಿಗೆ ಮಾತ್ರ ಅನುಕೂಲ. ಭತ್ತದ ನಾಟಿಯ ದಿನಗಳಲ್ಲಂತೂ ಕಾಲುವೆ ಬಯಲಿನವರು ಅತ್ತ ತಲೆ ಹಾಕಲಾರರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೂತು ಊಟದ ಹೊತ್ತಿಗೆ ಏಳುವುದಾದರೆ ಬಸ್ಸಿನವರಿಗೂ ಆಗುತ್ತದೆ. ಇನ್ನೂ ಮೇಲಾದ ದಾರಿಯೆಂದರೆ ಓದುಗರ ಮೊದಲ ಕೂಟ ಆಯಾ ಊರಿನಲ್ಲೇ ನಡೆಯುವುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಇವೆ. ಅಂಗಡಿಯವರು ಒಂದು ಪುಸ್ತಕದ ನಾಲ್ಕು ಪ್ರತಿಗಳನ್ನು ಅಂಥ ಒಂದೊಂದು ಕೇಂದ್ರಕ್ಕೆ ತಿಂಗಳ ಮಟ್ಟಿಗೆ ಎರವಲು ಕೊಟ್ಟರೆ ಕುರುಗೋಡು ತಾಲ್ಲೂಕಿನಲ್ಲೊಂದು, ಸಿರುಗುಪ್ಪದಲ್ಲೊಂದು ಓದುಗರ ಗುಂಪು ಸಿದ್ಧವಾಗುತ್ತದೆ. ಬಳ್ಳಾರಿಗೆ ಲೇಖಕರು ಬಂದ ದಿನ ಮೊದಲ ಪ್ರಶ್ನೆಯನ್ನು ಸಂಘಟಕರ ಸ್ನೇಹಿತರು ಕೇಳದೆ ಈ ಗುಂಪುಗಳಿಂದ ಬಂದವರೇ ಕೇಳಬೇಕು, ಪುಟದ ಸಂಖ್ಯೆ ಹೇಳಿಯೇ ಕೇಳಬೇಕು.