ಪರದೆಯ ಮೇಲಿನ ತ್ರೀ ನಾಟ್ ತ್ರೀ

ಸಾಹಿತ್ಯದ ಪುಟದಲ್ಲಿ ವಿಡಿಯೊ ಆಟದ ಮಾತೇಕೆ ಎಂದು ಹುಬ್ಬೇರಿಸುವ ಓದುಗರಿದ್ದಾರೆ. ಆಟವೂ ಕಥೆ ಹೇಳುತ್ತದೆ. ಕಥೆ ಹೇಳುವ ಯಾವುದೂ ವಿಮರ್ಶೆಗೆ ಹೊರಗಲ್ಲ. ಬಂಟ್ವಾಳದ ಪೇಟೆಯ ಹುಡುಗನೂ ಮೂಡುಬಿದಿರೆಯ ವಿದ್ಯಾರ್ಥಿನಿಲಯದ ತರುಣನೂ ಮೊದಲ ಮಹಾಯುದ್ಧದ ವಿಚಾರವಾಗಿ ಪುಸ್ತಕದಿಂದ ಅರಿತದ್ದಕ್ಕಿಂತ ಆಟದಿಂದ ಅರಿತದ್ದೇ ಹೆಚ್ಚಿರಬಹುದು. ಆದುದರಿಂದ ಸ್ವೀಡನ್ನಿನ ಡೈಸ್ ಸಂಸ್ಥೆ ರಚಿಸಿ 2016ರಲ್ಲಿ ಹೊರಬಂದ 'ಬ್ಯಾಟಲ್‌ಫೀಲ್ಡ್ 1' ಎಂಬ ಆಟವನ್ನು, ಅದರಲ್ಲಿಯೂ ಅಲ್ಲಿನ ಒಂದು ರೈಫಲನ್ನು, ಪಠ್ಯವೆಂದೇ ಎಣಿಸಿ ನೋಡುವುದು ತಪ್ಪಾಗಲಾರದು.

ಆ ರೈಫಲು ಲೀ-ಎನ್‌ಫೀಲ್ಡ್. ನಮ್ಮಲ್ಲಿ ಅದರ ಹೆಸರು ತ್ರೀ ನಾಟ್ ತ್ರೀ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಯಂತ್ರಬುದ್ಧಿಯೂ ಲಂಡನ್ ಬಳಿಯ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ರೂಪಿಸಿದ ನಳಿಗೆಯೂ ಸೇರಿ 1895ರಲ್ಲಿ ಇದು ಸಿದ್ಧವಾಯಿತು. ಕಾಲಾಳಿಗೊಂದು, ಸವಾರನಿಗೊಂದು ಎಂಬ ಎರಡು ಬಗೆ ಬೇಡವೆಂದು ನಳಿಗೆಯನ್ನು ಮೊಟಕುಗೊಳಿಸಿದರು. 1907ರಲ್ಲಿ ಬಂದ ಮೂರನೆಯ ಮಾದರಿಯೇ ಆಟದಲ್ಲಿರುವುದು. ತೂಕ ಸುಮಾರು ನಾಲ್ಕು ಕಿಲೊ. ಒಮ್ಮೆಗೆ ಹತ್ತು ಗುಂಡು. ಪಳಗಿದ ಸಿಪಾಯಿ ಮಿನಿಟಿಗೆ ಹದಿನೈದು ಈಡು ಗುರಿಯಿಟ್ಟು ಹೊಡೆಯಬೇಕೆಂಬುದು ಅಂದಿನ ಶಿಕ್ಷಣದ ನಿಯಮ.

ಆಟ ಕಟ್ಟಿದವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಐದೈದು ಗುಂಡುಗಳ ಪಟ್ಟಿಯನ್ನು ಮೇಲಿನಿಂದ ಒತ್ತಿ ತುಂಬುವ ಬಗೆ, ಚಿಲಕವನ್ನು ಹಿಂದೆಳೆದು ಮುಂದೂಡುವಾಗಿನ ಸದ್ದು, ಮರದ ಹಿಡಿಯ ಬಣ್ಣ, ಎಲ್ಲವನ್ನೂ ಭಕ್ತಿಯಿಂದ ಬರೆದಿದ್ದಾರೆ. ಇಷ್ಟು ಭಕ್ತಿಯಿಂದ ನಮ್ಮ ಕಾದಂಬರಿಕಾರರು ಒಂದು ನೇಗಿಲನ್ನು ವರ್ಣಿಸಿದ್ದುಂಟೆ ಎಂದು ಕೇಳುವ ಆಸೆಯಾಗುತ್ತದೆ. ಆ ಜಗಳ ಇನ್ನೊಂದು ವಾರಕ್ಕಿರಲಿ.

ಕಬ್ಬಿಣದ ಬಗೆಗೆ ಇಷ್ಟು ನಿಷ್ಠೆ ತೋರಿದವರು ಅದನ್ನು ಹೊತ್ತ ಹೆಗಲಿನ ಬಗೆಗೆ ಏಕೆ ಇಷ್ಟು ಮರೆವು ತೋರಿದರು? ಆಟದ ಕಥಾಭಾಗಗಳಲ್ಲಿ ಇಂಗ್ಲಿಷ್ ಟ್ಯಾಂಕ್ ಚಾಲಕನಿದ್ದಾನೆ, ಅಮೆರಿಕದ ವಿಮಾನಿಯಿದ್ದಾನೆ, ಇಟಲಿಯ ಯೋಧನಿದ್ದಾನೆ, ಗಲಿಪೊಲಿಯಲ್ಲಿ ಓಡುವ ಆಸ್ಟ್ರೇಲಿಯದವನಿದ್ದಾನೆ, ಮರುಭೂಮಿಯ ಬೆದೂಯಿನ್ ಹೆಣ್ಣೊಬ್ಬಳಿದ್ದಾಳೆ. ಭಾರತೀಯ ನಾಯಕ ಒಬ್ಬನೂ ಇಲ್ಲ. ಆ ಯುದ್ಧಕ್ಕೆ ಕಡಲು ದಾಟಿ ಹೋದ ಭಾರತೀಯರು ಹತ್ತು ಲಕ್ಷಕ್ಕೂ ಮೇಲು. ಮರಳದವರು ಸುಮಾರು 74 ಸಾವಿರ. ಆಟದ ಕಥೆ ಅರಬ್ ಮರುಭೂಮಿಗೆ ಹೋಗುತ್ತದೆ. ಅದೇ ಯುದ್ಧರಂಗದಲ್ಲಿ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಹಿಡಿದರು. ಕಾರ್ಮೆಲ್ ಬೆಟ್ಟದ ತೋಪುಗಳಿಗೆದುರಾಗಿ ಮೈಸೂರಿನವರು ಏರಿಹೋದರೆಂಬುದು ಇತಿಹಾಸ. ಆಟದ ಕಥೆಯಲ್ಲಿ ಆ ದಿನವೇ ಇಲ್ಲ.

ಇದು ಅಭಿಮಾನಭಂಗದ ಗೊಣಗಾಟವಲ್ಲ. ಈ ರೈಫಲಿಗೂ ನಮಗೂ ಇರುವ ಸಂಬಂಧ ನೇರವಾದುದಲ್ಲ, ತೊಡಕಿನದು. 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಯ ಕೈಗೆ ಬಿಳಿಯ ಸಿಪಾಯಿಗಿಂತ ಒಂದು ತಲೆಮಾರು ಹಳೆಯ ಕೋವಿಯನ್ನೇ ಕೊಡುವುದು ಆಳುವವರ ಜಾಣತನವಾಗಿತ್ತು. 1914ರಲ್ಲಿ ನಮ್ಮವರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ಹಳೆಯವನ್ನು ಒಪ್ಪಿಸಿ ಹೊಸ ಮಾದರಿಯನ್ನು ಪಡೆಯಬೇಕಾಯಿತು. ಸಾಯುವುದಕ್ಕೆ ಕರೆದೊಯ್ದ ಮೇಲೆ ಅಷ್ಟು ನಂಬಿಕೆ ಹುಟ್ಟಿತೆನ್ನಬೇಕು. ಅದೇ ಬಗೆಯ ರೈಫಲು 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ನಮ್ಮ ಜನರ ಮೇಲೆ ತಿರುಗಿತು: ಸುಮಾರು ಹತ್ತು ಮಿನಿಟು, 1,650 ಗುಂಡು; ಹೊಡೆದ ಕೈಗಳೂ ಭಾರತದವೇ. ಸ್ವಾತಂತ್ರ್ಯ ಬಂದ ಮೇಲೆ ಇಛಾಪುರದ ಕಾರ್ಖಾನೆ ಅದನ್ನು ನಮಗಾಗಿಯೇ ಮಾಡಿತು. 1962ರಲ್ಲಿ ಹಿಮಾಲಯದ ಚಳಿಯಲ್ಲಿ ನಮ್ಮ ಯೋಧರ ಕೈಯಲ್ಲಿದ್ದುದು ಅದೇ. ಎನ್.ಸಿ.ಸಿ. ಕವಾಯತಿನಲ್ಲಿ ಅದನ್ನು ಹೆಗಲಿಗೇರಿಸಿ ಬಳಲಿದ ಮೇಷ್ಟರುಗಳು ನಮ್ಮ ನಡುವೆ ಈಗಲೂ ಇದ್ದಾರೆ. ಒಂದೇ ವಸ್ತು ಆಳುವವನ ಆಯುಧ, ಆಳಿಸಿಕೊಂಡವನ ಕೂಲಿ, ಬಳಿಕ ಸ್ವತಂತ್ರನ ಸ್ವತ್ತು. ಇಂಥ ವಸ್ತು ಕೈಗೆ ಸಿಕ್ಕ ಕಥೆಗಾರ ಪುಣ್ಯವಂತ. ಡೈಸಿನವರು ಅದನ್ನು ಕೊಲ್ಲುವ ದೂರದ ಲೆಕ್ಕವಾಗಿ ಮಾತ್ರ ಬಳಸಿದರು: ಇಂತಿಷ್ಟು ಅಂತರದಲ್ಲಿ ಎದೆಗೆ ತಗುಲಿದರೆ ಒಂದೇ ಗುಂಡು ಸಾಕು, ಅದರಾಚೆಗೆ ಎರಡು.

ನಮ್ಮ ಸೀಮೆಯಲ್ಲಿ ಕೋವಿ ಎಂದರೆ ಬೇರೆಯೇ ಒಂದು ಅನುಭವ. ಬೆಳ್ತಂಗಡಿಯ ಘಟ್ಟದ ಬುಡದ ಅಡಿಕೆ ತೋಟದ ಯಜಮಾನನ ಮನೆಯಲ್ಲಿ ಒಂಟಿನಳಿಗೆಯದೊಂದು ಇದ್ದೀತು. ಅದು ಬೆಳೆ ರಕ್ಷಣೆಯ ಪರವಾನಗಿಯದು. ಹಂದಿಗೂ ಮಂಗಕ್ಕೂ ಹೆದರಿಕೆ ಹುಟ್ಟಿಸಲಿಕ್ಕೆ. ತೋಟೆಗಳು ಎಣಿಸಿಟ್ಟವು. ಚುನಾವಣೆ ಬಂದರೆ ಹೊತ್ತು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರಬೇಕು. ಅಷ್ಟರಲ್ಲಿ ಹಂದಿ ತನ್ನ ಕೆಲಸ ಮುಗಿಸಿರುತ್ತದೆ. ತ್ರೀ ನಾಟ್ ತ್ರೀ ಮಾತ್ರ ಸಾಮಾನ್ಯರಿಗೆ ನಿಷಿದ್ಧವಾದ ಅಳತೆಯದು. ತಂದೆಯ ಕೈಗೆ ಸರಕಾರ ಎಂದೂ ಕೊಡದ ರೈಫಲಿನಿಂದ ಮಗ ಇರುಳೆಲ್ಲ ಲೆಕ್ಕವಿಲ್ಲದೆ ಗುಂಡು ಹಾರಿಸುತ್ತಾನೆ.

ಕನ್ನಡದ ಬೇಟೆಯ ಸಾಹಿತ್ಯ ನೆನಪಾಗುವುದು ಇಲ್ಲಿಯೇ. ಕೆನೆತ್ ಆಂಡರ್ಸನ್ ಹೇಳಿದ ಕಾಡಿನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಆಂಡರ್ಸನ್ನನ ಕೈಯಲ್ಲಿದ್ದುದು .405 ವಿಂಚೆಸ್ಟರ್; ಆದರೆ ಓದಿದವರಿಗೆ ನೆನಪುಳಿಯುವುದು ಕೋವಿಯಲ್ಲ, ಕಾಯುವಿಕೆ. ಮರದ ಮೇಲಿನ ಅಟ್ಟಣೆ, ಜೋಮು ಹಿಡಿದ ಕಾಲು, ಹಾರಿಸದೆ ಕಳೆದ ಇರುಳುಗಳು. ಅಲ್ಲಿ ಒಂದು ಈಡಿಗೆ ಹತ್ತು ಪುಟದ ಬೆಲೆಯಿದೆ. ಆಟದಲ್ಲಿ ಈಡು ಅಗ್ಗ, ಸಾವು ಅದಕ್ಕಿಂತ ಅಗ್ಗ. ಸತ್ತವನು ಕ್ಷಣ ಕಳೆದು ಎದ್ದು ಬರುತ್ತಾನೆ. ಕಲೆಯಲ್ಲಿ ಮಿತಿಯಿಲ್ಲದೆ ಭಯವಿಲ್ಲ, ಭಯವಿಲ್ಲದೆ ರಸವೂ ಇಲ್ಲ.

ನಮ್ಮವರೇ ಆಟ ರಚಿಸಿದರೆ ಏನಾದೀತು? ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಜನವರಿ 26ರಂದು 'ಫೌಜಿ' ಎಂಬುದನ್ನು ಹೊರತಂದಿತು. ಮೊದಲ ಭಾಗದ ವಸ್ತು ಗಲ್ವಾನ್ ಕಣಿವೆ. ಅದರಲ್ಲಿ ಕೋವಿಯಿಲ್ಲ, ಕೈ, ದೊಣ್ಣೆಗಳ ಹೊಡೆದಾಟ. ಕೋವಿ ಎಲ್ಲಿ ಎಂದು ಆಟಗಾರರು ಬೇಸರಿಸಿದರು. ಆಟ ಸಪ್ಪೆಯೆಂಬುದನ್ನು ನಾವೂ ಒಪ್ಪುತ್ತೇವೆ. ಒಂದೇ ಬಗೆಯ ಶತ್ರು, ಒಂದೇ ಬಗೆಯ ಏಟು. ಆದರೆ 2020ರ ಜೂನ್ 15ರ ಆ ಇರುಳು ನಮ್ಮ 20 ಯೋಧರು ಮಡಿದುದು ಗುಂಡಿನಿಂದಲ್ಲ. ಗಡಿಯಲ್ಲಿ ಗುಂಡು ಹಾರಿಸಬಾರದೆಂಬ 1996ರ ಒಪ್ಪಂದ ಉಭಯರಿಗೂ ಇತ್ತು. ಆಟಗಾರರು ಕೊರತೆಯೆಂದು ಎಣಿಸಿದ್ದೇ ಆ ಸಪ್ಪೆ ಕೃತಿಯಲ್ಲಿದ್ದ ಏಕೈಕ ನಿಜ.

ಹೈಫಾದ ಸವಾರರ ಕಥೆಯನ್ನು ಕಟ್ಟುವ ಕನ್ನಡಿಗ ಇನ್ನೂ ಮುಂದೆ ಬಂದ ಹಾಗೆ ಕಾಣಲಿಲ್ಲ. ಸಾಮಗ್ರಿಗೆ ದೂರ ಹೋಗಬೇಕಾದುದಿಲ್ಲ; ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇಂದಿಗೂ ನಿಂತಿದೆ.