ತಂಬೂರಿ ಎಲ್ಲಿ ಹೋತು?

ಮೊನ್ನೆ ಸಂಜೆ ಹಳೇ ಹುಬ್ಬಳ್ಳಿಯ ನಮ್ಮ ಅಡುಗೆಮನೆಯಲ್ಲಿ ಮೊಬೈಲಿಗೆ ಸ್ಪೀಕರು ಜೋಡಿಸಿ, ಗಂಗೂಬಾಯಿ ಹಾನಗಲ್ (1913–2009) ಅವರ ಹಾಡಿಕೆ ಹಚ್ಚಿದ್ದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಕೇಳುತ್ತಲೇ ಬೆಳೆದ ನಮ್ಮತ್ತೆ, "ಅಲ್ಲವ್ವಾ, ದನಿ ಐತಿ, ತಂಬೂರಿ ಎಲ್ಲಿ ಹೋತು?" ಎಂದರು.

ಅವರ ಕಿವಿ ತಪ್ಪಿರಲಿಲ್ಲ. ಅಂತರ್ಜಾಲದಲ್ಲಿ ಹರಿದು ಬರುವ ಹಾಡು ಇಡಿಯಾಗಿ ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ದಪ್ಪ, ತೆಳು ಎಂದು ಹಲವು ಬಗೆಯಲ್ಲಿ ಇಟ್ಟಿರುತ್ತಾರೆ. ನೆಟ್‌ವರ್ಕ್ ಕುಗ್ಗಿದರೆ ಮೊಬೈಲು ತೆಳು ತುಣುಕನ್ನು ತರಿಸಿಕೊಳ್ಳುತ್ತದೆ. ಹಾಡು ನಿಲ್ಲುವುದಿಲ್ಲ, ಸೊರಗುತ್ತದೆ. ತೆಳು ಮಾಡುವಾಗ ಕಿವಿಗೆ ಬೇಡವೆಂದು ಲೆಕ್ಕ ಹಾಕಿ ಬಿಟ್ಟುಬಿಡುವುದು ಸೂಕ್ಷ್ಮ ನಾದವನ್ನೇ. ತಂಬೂರಿಯ ಝೇಂಕಾರವಿರುವುದೂ ಅಲ್ಲಿಯೇ.

ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು. ಅಷ್ಟು ಕಷ್ಟಪಟ್ಟು ಗಳಿಸಿದ ವಿದ್ಯೆ ಇಂದು ಒಲೆಯ ಮುಂದೆ ನಿಂತವಳ ಕಿವಿಗೂ ಬೀಳುತ್ತದೆ. ಈ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ರೇಡಿಯೋ ಗೊರಗುಟ್ಟಿದರೆ ಏನೋ ಕೆಟ್ಟಿದೆಯೆಂದು ತಿಳಿಯುತ್ತಿತ್ತು. ಇದು ಏನನ್ನು ಬಿಟ್ಟೆನೆಂದು ಹೇಳುವುದೇ ಇಲ್ಲ. ನನ್ನ ಮಗಳು ಇದನ್ನೇ ಗಂಗೂಬಾಯಿ ಎಂದುಕೊಂಡರೆ?

ಸೆಟ್ಟಿಂಗಿನಲ್ಲಿ ಹೆಚ್ಚಿನ ಗುಣಮಟ್ಟ ಆರಿಸಿ, ವೈಫೈ ಇದ್ದಾಗ ಹಾಡನ್ನು ಮೊದಲೇ ಇಳಿಸಿಟ್ಟುಕೊಂಡೆ. ಮರುದಿನ ಅತ್ತೆ ಕಣ್ಣು ಮುಚ್ಚಿ ಕೇಳಿ, "ಈಗ ಬಂತು ನೋಡವ್ವಾ" ಎಂದರು. ಏನು ಬಂತೆಂದು ತಿಳಿಯಲು ಮಗಳೂ ಬಂದು ಪಕ್ಕದಲ್ಲಿ ಕುಳಿತಳು.