ಕ್ಲಚ್ ತುಳಿಯುವ ಕಾಲು: ಪ್ರಾರ್ಥನೆಗೆ ಕಿವಿಗೊಡುವವರಿಗೆ

ಹಿರಿಯೂರಿನ ಒಂದು ಮನೆ. ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಜನ ಕೂತಿದ್ದೆವು. ಗೋಡೆಗೆ ಒರಗಿದ್ದ ಮನೆಯ ಯಜಮಾನರ ಎಡಪಾದಕ್ಕೆ ಬ್ಯಾಂಡೇಜು ಸುತ್ತಿತ್ತು. ಸಕ್ಕರೆ ಕಾಯಿಲೆಯವರ ಗಾಯ, ತಿಂಗಳಾದರೂ ಮಾಯ್ದಿರಲಿಲ್ಲ. ಅವರು ಲಾರಿ ಡ್ರೈವರ್. ಸಭಾಪಾಲಕರು ಮೊದಲು ಪ್ರಾರ್ಥಿಸಿದರು, ಚೆನ್ನಾಗಿಯೇ ಪ್ರಾರ್ಥಿಸಿದರು. ಆಮೇಲೆ ಹೆಂಡತಿಯ ಸರದಿ. “ಕರ್ತನೇ, ಕೃಪೆಯುಳ್ಳ ತಂದೆಯೇ, ಈ ಸಂಜೆಗಾಗಿ ನಿನಗೆ ಸ್ತೋತ್ರ” ಎಂದು ಶುರು ಮಾಡಿದವರು ಎರಡು ಮಾತು ದಾಟುವಷ್ಟರಲ್ಲಿ ದನಿ ಇಳಿಸಿದರು: “ಎಡಗಾಲು, ತಂದೆ. ಕ್ಲಚ್ ತುಳಿಯೋ ಕಾಲು ಅದು. ಓನರ್ರು ಇನ್ನ ಹದಿನೈದು ದಿನ ನೋಡ್ತೀನಿ ಅಂದವ್ರೆ. ನಿಂಗೆ ಗೊತ್ತೈತೆ.” ಅಲ್ಲಿಗೆ ನಿಲ್ಲಿಸಿದರು. ಬಹಳ ಹೊತ್ತು ಯಾರೂ ಉಸಿರೆತ್ತಲಿಲ್ಲ.

ಪ್ರಾರ್ಥನೆ ಕೇಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಆ ಸಂಜೆಯಿಂದಲೇ ಶುರು ಮಾಡುತ್ತೇನೆ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆ ನೆರೆಯ ಕ್ರೈಸ್ತರು ಮನೆಪ್ರಾರ್ಥನೆಗೆ ಕರೆದಾಗ ಮರ್ಯಾದೆಗೆ ಹೋಗಿ, ಮೂಲೆಯಲ್ಲಿ ಕೂತು, ಏನು ಕೇಳಿಸಿಕೊಳ್ಳಬೇಕೆಂದು ತಿಳಿಯದೆ ಎದ್ದು ಬಂದವರು ಎಷ್ಟೋ ಜನ. ಅವರಿಗಾಗಿ ಈ ಬರಹ.

ಮೊದಲು ಭಾಷೆಗೆ ಕಿವಿಗೊಡಿ. ಒಂದೇ ಪ್ರಾರ್ಥನೆಯೊಳಗೆ ಎರಡು ಕನ್ನಡಗಳಿರುತ್ತವೆ. ಒಂದು ಸತ್ಯವೇದದ ಕನ್ನಡ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಪಕ್ಕದ ಬಳ್ಳಾರಿಗೆ ಬಂದು ನೆಲೆಸಿ ಅನುವಾದಕ್ಕೆ ಕೈಹಾಕಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಆಮೇಲೆ ಎಷ್ಟು ಸಲ ತಿದ್ದಿದರೂ ಅದರ ಗತ್ತು ಹೋಗಿಲ್ಲ. ಕರ್ತ, ಕೃಪೆ, ಸ್ತೋತ್ರ, ಕನಿಕರ ಎಂಬ ಮಾತುಗಳು ಓದು ಬಾರದ ಅಜ್ಜಿಯ ಬಾಯಲ್ಲೂ ತಡವರಿಸದೆ ಬರುತ್ತವೆ. ಇನ್ನೊಂದು ಮನೆಯ ಕನ್ನಡ, ‘ಐತೆ’ ‘ಅಂದವ್ರೆ’ಗಳ ದುರ್ಗದ ಕನ್ನಡ. ಮೊದಲನೆಯದು ಎರಡನೆಯದಕ್ಕೆ ದಾಟುವ ಜಾಗವನ್ನು ಹುಡುಕಿ. ಕಲಿತ ಮಾತು ಮುಗಿದು ಸ್ವಂತ ಸಂಕಟ ಬಾಯಿಬಿಡುವುದು ಅಲ್ಲಿಯೇ. ಶುರುವಿನಿಂದ ಕೊನೆಯವರೆಗೂ ಗ್ರಂಥದ ಕನ್ನಡದಲ್ಲೇ ನಡೆಯುವ ಪ್ರಾರ್ಥನೆ ಎಷ್ಟೇ ಸೊಗಸಾಗಿದ್ದರೂ ನನ್ನ ಮಟ್ಟಿಗೆ ಎರಡನೇ ದರ್ಜೆಯದು.

ಕಟ್ಟು ಸರಳ. ಕರೆಯುವುದು, ನೆನೆಯುವುದು, ಬೇಡುವುದು, ಒಪ್ಪಿಸುವುದು. ಕೊನೆಗೆ ಯೇಸುವಿನ ಹೆಸರು. ವಚನ ಕೇಳಿ ಬೆಳೆದ ದುರ್ಗದ ಕಿವಿಗೆ ಈ ಕೊನೆ ಹೊಸದೆನಿಸುವುದಿಲ್ಲ, ಅಂಕಿತದ ಹಾಗೆಯೇ ಕೇಳುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ವಚನದ ಅಂಕಿತ ದೇವರನ್ನು ಕರೆಯುತ್ತದೆ. ಇಲ್ಲಿ ಯೇಸುವಿನ ಹೆಸರು ಹಿಡಿದು ತಂದೆಯನ್ನು ಕೇಳಲಾಗುತ್ತದೆ. ಹಾಗೆ ಕೇಳಿರೆಂದು ಅವನೇ ಶಿಷ್ಯರಿಗೆ ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ. ‘ನೀನು’ ಎಂಬ ಸಂಬೋಧನೆಯೂ ವಚನಕಾರರದ್ದೇ ಸಲಿಗೆ. ಕೆಲವು ಪ್ರಾರ್ಥನಾ ಮಂದಿರಗಳಲ್ಲಿ ‘ನೀವು’, ‘ಅಪ್ಪಾ’ ಎಂದೂ ಕೇಳಿಬರುತ್ತದೆ. ಕಥೊಲಿಕರಲ್ಲಿ ‘ಕರ್ತ’ನ ಜಾಗದಲ್ಲಿ ‘ಪ್ರಭು’ ಇರುತ್ತಾನೆ. ಅವರ ಪೂಜೆಯಲ್ಲಿ ರೋಗಿಗಳ ಪರವಾದ ಬೇಡಿಕೆಯನ್ನು ಒಬ್ಬರು ಓದಿದರೆ ಇಡೀ ಸಭೆ ಒಂದೇ ಉತ್ತರ ಕೊಡುತ್ತದೆ. ಚಿತ್ರದುರ್ಗವನ್ನೂ ಒಳಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯದಲ್ಲಿ ಹರಿಹರದ ಆರೋಗ್ಯ ಮಾತೆಯ ಕ್ಷೇತ್ರವಿದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಒಮ್ಮೆ ಹೋಗಿ ಬನ್ನಿ. ಬೇರೆ ಬೇರೆ ಧರ್ಮದವರು ಕಾಯಿಲೆಯವರ ಹೆಸರು ಹೊತ್ತು ಬರುವ ಜಾಗ ಅದು.

ಇನ್ನೊಬ್ಬರಿಗಾಗಿ ಬೇಡುವುದರ ಬೇರು ಎರಡು ಕಥೆಗಳಲ್ಲಿದೆ. ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ಬಡಿದವನೊಬ್ಬನನ್ನು ಹೊತ್ತು ತರುತ್ತಾರೆ. ಜನಜಂಗುಳಿಯಲ್ಲಿ ಒಳಗೆ ಹೋಗಲಾಗದೆ ಮಾಳಿಗೆ ತೆಗೆದು ಅವನನ್ನು ಹಾಸಿಗೆ ಸಮೇತ ಇಳಿಸುತ್ತಾರೆ. ರೋಗಿ ತಾನಾಗಿ ಒಂದು ಮಾತೂ ಆಡುವುದಿಲ್ಲ. ಯೇಸು ಕಂಡದ್ದು ಹೊತ್ತು ತಂದವರ ನಂಬಿಕೆಯನ್ನು. ಚಾಪೆಯ ಮೇಲೆ ಕೂತ ಹತ್ತು ಹನ್ನೆರಡು ಜನ ಮಾಡುತ್ತಿದ್ದದ್ದೂ ಅದೇ ಹೊರುವ ಕೆಲಸ. ಇನ್ನೊಂದು ಕಥೆ ಯೋಹಾನನ ಹನ್ನೊಂದನೇ ಅಧ್ಯಾಯದ್ದು. ಬೇಥಾನ್ಯ ಊರಿನ ಲಾಜರನಿಗೆ ಕಾಯಿಲೆಯಾದಾಗ ಅವನ ಅಕ್ಕತಂಗಿಯರು ಯೇಸುವಿಗೆ ಹೇಳಿ ಕಳಿಸಿದ್ದು ಇಷ್ಟೇ: ನಿನಗೆ ಬೇಕಾದವನಿಗೆ ಹುಷಾರಿಲ್ಲ. ಬಾ ಎನ್ನಲಿಲ್ಲ, ವಾಸಿ ಮಾಡು ಎನ್ನಲಿಲ್ಲ. ಹಿರಿಯೂರಿನ ಆ ತಾಯಿ “ನಿಂಗೆ ಗೊತ್ತೈತೆ” ಎಂದು ನಿಲ್ಲಿಸಿದಾಗ ನನಗೆ ನೆನಪಾದದ್ದು ಬೇಥಾನ್ಯದ ಆ ಇಬ್ಬರು.

ಕೆಲಸದ ಕಷ್ಟವನ್ನು ದೇವರ ಮುಂದೆ ಇಡುವುದು ಸಣ್ಣತನವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಬೈಬಲಿನಲ್ಲಿ ಮೋಶೆಯದೆನ್ನುವ 90ನೇ ಕೀರ್ತನೆ ಮುಗಿಯುವುದೇ ಕೈಗೆಲಸ ಕೈಗೂಡಲಿ ಎಂಬ ಬೇಡಿಕೆಯಲ್ಲಿ. ಯೇಸು ಹೇಳಿದ ಸಾಮ್ಯಕಥೆಯೊಂದರಲ್ಲಿ ಸಂಜೆಯಾಗುತ್ತ ಬಂದರೂ ಕರೆಯುವವರಿಲ್ಲದೆ ಪೇಟೆಯಲ್ಲಿ ನಿಂತೇ ಇರುವ ಕೂಲಿಯವರಿದ್ದಾರೆ. ಚಿತ್ರದುರ್ಗ ಜಿಲ್ಲೆಗೆ ಹಾಗೆ ನಿಲ್ಲುವುದು ಗೊತ್ತು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆಯ ತಡೆಯನ್ನು ಬಳ್ಳಾರಿಯಿಂದ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಚಾಚಿತು. ಕಾಡು, ನೆಲ ಹಾಳಾಗುತ್ತಿದ್ದಾಗ ಅದು ಬೇಕಾಗಿದ್ದ ಆದೇಶವೇ. ಆದರೂ ಹೊಸದುರ್ಗ, ಹೊಳಲ್ಕೆರೆ ಕಡೆ ಅದಿರಿನ ಲಾರಿ ನಂಬಿದ್ದ ಡ್ರೈವರ್, ಕ್ಲೀನರ್‌ಗಳ ಕೈ ಖಾಲಿಯಾಯಿತು. ಕಾಯಿಲೆ ಒಂದು ಕಡೆ, ಕೆಲಸ ಒಂದು ಕಡೆ ಎಂದು ದುಡಿದು ತಿನ್ನುವ ಮನೆಯಲ್ಲಿ ಇರುವುದಿಲ್ಲ. ಎರಡೂ ಒಂದೇ ಕಾಲಿನಲ್ಲಿರುತ್ತವೆ.

ದೋಷವನ್ನೂ ಗುರುತಿಸಲು ಕಲಿಯಿರಿ. ಇವತ್ತೇ ವಾಸಿಯಾಗುತ್ತದೆಂದು ಗಟ್ಟಿಯಾಗಿ ಸಾರುವುದು, ಮಾತ್ರೆ ಬಿಡಿಸುವುದು, ವಾಸಿಯಾಗದಿದ್ದರೆ ನಿನ್ನ ನಂಬಿಕೆ ಸಾಲದು ಎಂದು ರೋಗಿಯ ತಲೆಗೇ ಕಟ್ಟುವುದು: ಇದು ಪ್ರಾರ್ಥನೆಯಲ್ಲ, ಹಿಂಸೆ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಮೂರು ಸಲ ಬೇಡಿದ. ಆ ಪಾತ್ರೆ ಅವನಿಂದ ತೊಲಗಲಿಲ್ಲ. ಬೇಡಿ, ನಿನ್ನ ಚಿತ್ತ ಎಂದು ಒಪ್ಪಿಸುವುದನ್ನು ಅಲ್ಲಿಂದಲೇ ಕಲಿತದ್ದು. ಒಳ್ಳೆಯ ಪ್ರಾರ್ಥನೆ ಡ್ರೆಸ್ಸಿಂಗ್ ಮಾಡುವ ನರ್ಸಿನ ಕೈಯನ್ನೂ ನೆನೆಯುತ್ತದೆ. ಆ ಸಂಜೆ ಹೆಂಡತಿ ಮತ್ತೆ ಮಾತು ಎತ್ತಿಕೊಂಡಾಗ ಮೊದಲು ನೆನೆದದ್ದು ಅದನ್ನೇ. ಆಮೇಲೆ ಓನರಿನ ಮನೆಯವರನ್ನೂ ಹರಸು ಎಂದರು. ನಾನು ಕಣ್ಣು ಬಿಟ್ಟು ನೋಡಿದೆ. ಅವರ ಗಂಡ ಬ್ಯಾಂಡೇಜಿನ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ್ದರು.

ನೀವು ಹೋದಾಗ ಕಣ್ಣು ಮುಚ್ಚಲೇಬೇಕೆಂದಿಲ್ಲ, ಆಮೆನ್ ಅನ್ನಲೇಬೇಕೆಂದಿಲ್ಲ. ಮುಗಿಯುವವರೆಗೆ ಕೂತಿರಿ, ಫೋನು ಚೀಲದಲ್ಲಿರಲಿ. ಕೊನೆಗೆ ಯಾರಾದರೂ ನಿಮ್ಮತ್ತ ತಿರುಗಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಪ್ರಾರ್ಥಿಸಬೇಕೇ ಎಂದು ಕೇಳುತ್ತಾರೆ. ಎಲ್ಲರೂ ಚೆನ್ನಾಗಿದ್ದಾರೆ ಎಂದು ತೇಲಿಸಬೇಡಿ. ಹೆಸರು ಹೇಳಿ. ಯಾವ ಕಾಲು ಎಂಬುದನ್ನೂ ಹೇಳಿ.